ಮನಾಂಗ್ ಮೆಲಿಂಗ್ ಮತ್ತು ಬೀಗವಿಲ್ಲದ ಪತ್ರಿಕೆ

ಬೆಳಗಿನ ಐದು ಗಂಟೆಗೇ ಇಲೊಯಿಲೊ ನಗರದ ಈ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಮುಂದಿನ ಬೆಂಚು ಭರ್ತಿಯಾಗಿದೆ. ಮೊದಲ ಪಾಳಿಯ ರೋಗಿಗಳು ಪಾಂದೆಸಾಲ್ ಬನ್ನಿನ ಬಿಸಿ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ತಮ್ಮ ಹೆಸರು ಕರೆಯುವುದನ್ನು ಕಾಯುತ್ತಿದ್ದಾರೆ. ಅವರ ನಡುವೆ ಒತ್ತರಿಸಿಕೊಂಡು ಕೂತ ಗುಂಡನೆಯ ಹೆಂಗಸು ಮಾತ್ರ ರೋಗಿಯಲ್ಲ, ನರ್ಸೂ ಅಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ ಒಂದು ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದಾರೆ. ಇವತ್ತಿನ ವಿಷಯ ಗಿನಾಮೊಸ್, ಉಪ್ಪಿನಲ್ಲಿ ಹುದುಗಿಸಿದ ಸೀಗಡಿಯ ಗೊಜ್ಜು.

"ಮನಾಂಗ್, ಮೊದಲು ಎಳನೀರು ಬಿಡಿ ಅಂದ್ರಿ. ಆಮೇಲೆ ಬಾಳೆಹಣ್ಣು. ಈಗ ಗಿನಾಮೊಸ್ಸಿಗೂ ಬಂದ್ರಾ? ಮುಂದಿನ ಸಂಚಿಕೇಲಿ ಉಸಿರಾಡೋದೂ ಬಿಡಿ ಅಂತೀರೇನೋ!" ಬೆಂಚಿನ ಕೊನೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಕೆಣಕುತ್ತಾರೆ.

"ಉಸಿರಲ್ಲಿ ಉಪ್ಪಿಲ್ಲ, ಸರ್. ಧಾರಾಳವಾಗಿ ಆಡಿ."

ಬೆಂಚು ನಗುತ್ತದೆ. ನಗು ಇಳಿದ ಮೇಲೆ ಪಕ್ಕದ ಹೆಂಗಸು ಕೇಳುತ್ತಾಳೆ: "ದಿನಕ್ಕೆ ಎರಡು ಗ್ರಾಂ ಸೋಡಿಯಂ ಅಂತ ಓದಿದ್ರಲ್ಲ, ಅದು ನಮ್ಮನೆ ಚಮಚದಲ್ಲಿ ಎಷ್ಟಾಗುತ್ತೆ?"

"ನನಗೂ ಗೊತ್ತಿಲ್ಲ ಕಣೇ. ಬರೆದ ಡಾಕ್ಟರಿಗೇ ವಾಪಸ್ ಹೋಗುತ್ತೆ ಇದು," ಎನ್ನುತ್ತ ಹಾಳೆಯ ಅಂಚಿನಲ್ಲಿ ಚಮಚವೊಂದರ ಚಿತ್ರ ಗೀಚುತ್ತಾರೆ.

ಇವರು ಮೆರ್ಲಿಂಡಾ ಗರ್ಗರಿತಾನೊ. ಆಸ್ಪತ್ರೆಗೆಲ್ಲ ಮನಾಂಗ್ ಮೆಲಿಂಗ್, ಅಂದರೆ ಮೆಲಿಂಗ್ ಅಕ್ಕ. ಪನಾಯ್ ದ್ವೀಪದ ಮೂತ್ರಪಿಂಡ ತಜ್ಞರು ವರ್ಷಕ್ಕೆ ನಾಲ್ಕು ಬಾರಿ ಹೊರತರುವ ಸಂಶೋಧನಾ ಪತ್ರಿಕೆಯ ಹಿಂದಿನ ಕೈ ಇವರದು. ಲೇಖನಗಳನ್ನು ಪುಟಕ್ಕೆ ಕೂರಿಸುವುದು, ಉಲ್ಲೇಖಗಳನ್ನು ತಾಳೆ ನೋಡುವುದು, ಕೊನೆಗೆ ಅಂತರ್ಜಾಲಕ್ಕೆ ಏರಿಸುವುದು, ಎಲ್ಲವೂ ಇವರೇ. ಲೇಖನ ಪರಿಶೀಲಿಸಬೇಕಾದ ತಜ್ಞರು ತಿಂಗಳುಗಟ್ಟಲೆ ಸತಾಯಿಸಿದರೆ ಒಂದು ಡಬ್ಬ ಬಿಸ್ಕೊಚೊ ರಸ್ಕು ಕಳಿಸುತ್ತಾರೆ. ತಿಂದ ಮೇಲೆ ಎಂಥವರಿಗೂ ನಾಚಿಕೆಯಾಗಿ ವಾರದೊಳಗೆ ಅಭಿಪ್ರಾಯ ಬಂದುಬಿಡುತ್ತದೆ.

ಈ ಪತ್ರಿಕೆಯನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು, ಬರೆದವರಿಂದಲೂ ಕಾಸು ಕೇಳುವುದಿಲ್ಲ. ಪ್ರತಿ ಲೇಖನದ ಜೊತೆಗೆ ಇಲ್ಲಿನವರಾಡುವ ಹಿಲಿಗೈನೊನ್ ನುಡಿಯಲ್ಲಿ ಒಂದು ಸರಳ ಪುಟ ಇರಲೇಬೇಕು. ಬೆಂಚಿಗೆ ಅರ್ಥವಾಗದ ಪುಟ ಅಂತರ್ಜಾಲ ಸೇರುವುದಿಲ್ಲ. ಈ ಕಟ್ಟಳೆ ಮೆಲಿಂಗ್ ಅವರದೇ.

ಕಟ್ಟಳೆಯ ಹಿಂದೆ ಗಂಡ ರಾಮಿಲ್ ಇದ್ದಾನೆ. ಊರಿನ ಬಾಡಿಗೆ ಬಂಡಿ ಜೀಪ್ನಿ ಓಡಿಸುತ್ತಿದ್ದವನ ಮೂತ್ರಪಿಂಡ ಕೈಕೊಟ್ಟಾಗ ಮೆಲಿಂಗ್ ಮದುವೆ ಕಾಗದ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಪುಟ ಕಟ್ಟುತ್ತಿದ್ದರು. ಇಲ್ಲಿ ಮೂತ್ರಪಿಂಡದ ಕಾಯಿಲೆ ಎಂದರೆ ಸಾಕು, ಕೇರಿಯೆಲ್ಲ ಎಳನೀರು ಹಿಡಿದು ಬರುತ್ತದೆ. ಒಳಗಿನದನ್ನೆಲ್ಲ ತೊಳೆಯುತ್ತದೆ ಎಂಬ ನಂಬಿಕೆ. ಆದರೆ ಎಳನೀರಿನಲ್ಲಿ ತುಂಬಿರುವ ಪೊಟ್ಯಾಸಿಯಂ ಅನ್ನು ಸೋತ ಮೂತ್ರಪಿಂಡ ಹೊರಹಾಕಲಾರದು. ಅದು ರಕ್ತದಲ್ಲೇ ಉಳಿದು ಒಂದು ದಿನ ಹೃದಯವನ್ನು ನಿಲ್ಲಿಸಿಬಿಡಬಹುದು. ರಾಮಿಲ್‌ನದು ನಿಂತಿತು.

"ನಾನೇ ಕೊಚ್ಚಿದೆ, ನಾನೇ ಕುಡಿಸಿದೆ," ಎನ್ನುತ್ತಾರೆ ಮೆಲಿಂಗ್. ಆಮೇಲೆ ಅವರು ಎಳನೀರು ಮುಟ್ಟಲಿಲ್ಲ. ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇದನ್ನೇ ವಿವರಿಸುವ ಹಳೆಯ ಲೇಖನವೊಂದು ವಿದೇಶಿ ಪತ್ರಿಕೆಯ ಜಾಲತಾಣದಲ್ಲಿ ಕಣ್ಣಿಗೆ ಬಿತ್ತು. ಹೆಸರಿನ ಪಕ್ಕದಲ್ಲಿ ಬೀಗದ ಚಿತ್ರ. ದುಡ್ಡು ಕಟ್ಟಿದರೆ ಮಾತ್ರ ಓದು. "ಬರೆದಿದ್ರು ನೋಡಿ, ಬರೆದು ಬೀಗ ಹಾಕಿಟ್ಟಿದ್ರು. ತೆಗೆದಿಟ್ಟಿದ್ರೂ ಆ ಇಂಗ್ಲಿಷು ನನ್ನ ತಲೆಗೆ ಹೋಗ್ತಿರಲಿಲ್ಲ ಬಿಡಿ. ಅದಕ್ಕೇ ನನಗೆ ಬೆಂಚು ಬೇಕು."

ಅಂಥ ಪತ್ರಿಕೆಗೇ ಹೋದ ವರ್ಷ ಬೀಗ ಬೀಳುವುದರಲ್ಲಿತ್ತು. ದೊಡ್ಡ ವಿದೇಶಿ ಪ್ರಕಾಶನವೊಂದು ಪತ್ರಿಕೆಯನ್ನು ತನಗೆ ಕೊಡಿ ಎಂದು ಕೇಳಿತು. ಹೆಸರು ಬರುತ್ತದೆ, ಖರ್ಚು ತಪ್ಪುತ್ತದೆ. ಆದರೆ ಓದುವವರು ದುಡ್ಡು ಕಟ್ಟಬೇಕು, ಹಿಲಿಗೈನೊನ್ ಪುಟ ಇರುವುದಿಲ್ಲ. ಪ್ರಧಾನ ಸಂಪಾದಕಿ ಡಾ. ಸೊಲೆದಾದ್ ಪಾಲ್ಮಾರೆಸ್ ಅವರ ಮನಸ್ಸು ವಾಲಿತ್ತು.

"ಮೆಲಿಂಗ್, ನಮ್ಮ ಕೆಲಸಾನ ಜಗತ್ತೇ ನೋಡುತ್ತೆ."

"ದುಡ್ಡಿರೋ ಜಗತ್ತು ನೋಡುತ್ತೆ, ಡಾಕ್."

ತೀರ್ಮಾನದ ದಿನ ಮೆಲಿಂಗ್ ಸಭೆಯ ಮೂಲೆಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತ ಕೂತಿದ್ದರು. ಮಾತಾಡುವ ಅಧಿಕಾರ ಅವರಿಗಿರಲಿಲ್ಲ. ಆಗ ಬಾಗಿಲು ತಳ್ಳಿಕೊಂಡು ಬಂದದ್ದು ಒಂದು ಗೊನೆ ಎಳನೀರು, ಅದರ ಹಿಂದೆ ಹಿಗಾಂತೆಸ್ ದ್ವೀಪದ ಮುದಿ ಮೀನುಗಾರ ಉಲ್ಪಿಯಾನೊ, ಎಲ್ಲರ ಬಾಯಲ್ಲಿ ತಾತಾಯ್ ಉಲ್ಪಿಂಗ್, ಅಂದರೆ ಉಲ್ಪಿಂಗ್ ಅಪ್ಪ.

"ಎಳನೀರು ಕುಡೀಬೇಡಿ ಅಂತ ಅಚ್ಚು ಹಾಕಿಸಿದೋರು ಇಲ್ಲಿ ಯಾರು? ಅವರಿಗೆ ಎಳನೀರು ತಂದಿದೀನಿ."

ಡಾಕ್ಟರುಗಳು ಬಾಯಿ ಬಿಟ್ಟುಕೊಂಡು ನೋಡಿದರು. ಅವನೇ ಕತೆ ಹೇಳಿದ. ಮೂತ್ರಪಿಂಡದ ಕಾಯಿಲೆಗೆ ಊರವರ ಮಾತು ಕೇಳಿ ದಿನವೂ ಎಳನೀರು ಕುಡಿಯುತ್ತಿದ್ದನಂತೆ. ಒಂದು ಬೆಳಿಗ್ಗೆ ದೋಣಿ ತಳ್ಳಲು ಹೋದರೆ ಕಾಲಲ್ಲಿ ತ್ರಾಣವಿಲ್ಲ. ದ್ವೀಪದ ಆರೋಗ್ಯ ಕೇಂದ್ರದ ನರ್ಸ್ ಜೊವಿಲಿನ್, ಸಿಗ್ನಲ್ ಸಿಗುವ ಬಂಡೆ ಹತ್ತಿ ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಮೆಲಿಂಗ್ ಏರಿಸಿದ ಎಳನೀರಿನ ಪುಟ. ಇಳಿದು ಬಂದವಳೇ "ತಾತಾಯ್, ದಿನಕ್ಕೆ ಎಷ್ಟು ಬುರುಡೆ ಕುಡೀತಿದ್ರಿ?" ಎಂದು ಕೇಳಿ, ಉತ್ತರ ಕೇಳಿದ್ದೇ ಅವನನ್ನು ದೋಣಿಗೆ ಹಾಕಿದಳು. ಇನ್ನರ್ಧ ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ದಡದ ಆಸ್ಪತ್ರೆಯವರು ಹೇಳಿದರಂತೆ.

"ಎಳನೀರು ಯಾಕೆ ತಂದೆ ಅಂತೀರಾ? ನಮ್ಮ ತೋಟದಲ್ಲಿರೋದು ಅದೊಂದೇ. ನಾನಂತೂ ಕುಡಿಯೋ ಹಾಗಿಲ್ಲ, ನೀವಾದ್ರೂ ಕುಡೀರಿ," ಎಂದ ಉಲ್ಪಿಂಗ್, ಮೇಜಿನ ಮೇಲಿದ್ದ ಕಾಗದಗಳನ್ನು ನೋಡಿ ಯಾವ ಸಭೆಯೆಂದು ವಿಚಾರಿಸಿದ. ತಿಳಿದ ಮೇಲೆ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನಾಳೆಯಿಂದ ನಮ್ಮ ಜೊವಿಲಿನ್ ಬಂಡೆ ಹತ್ತಿದ್ರೆ ಏನು ಕಾಣುತ್ತೆ?"

ವಿಷಯವನ್ನು ಮತಕ್ಕೆ ಹಾಕಿದರು. ಪತ್ರಿಕೆ ತೆರೆದೇ ಇರಲಿ ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ಡಾ. ಪಾಲ್ಮಾರೆಸ್ ಅವರ ಕೈ. ಆಮೇಲೆ ಕೆಳಗುಳಿದ ಕೈ ಒಂದೂ ಇರಲಿಲ್ಲ. ಮೆಲಿಂಗ್ ಟಿಪ್ಪಣಿ ಬರೆಯುವುದನ್ನೇ ಮರೆತು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು.

ಎಳನೀರಿನ ಆ ಒಂದು ಪುಟ ಈಗ ಊರೂರು ಸುತ್ತುತ್ತಿದೆ. ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲವಾದ್ದರಿಂದ ಸಮಾರ್ ದ್ವೀಪದ ನರ್ಸುಗಳು ತಮ್ಮ ನುಡಿಗೆ ತಂದುಕೊಂಡಿದ್ದಾರೆ, ಮಿಂದನಾವೊ ದ್ವೀಪದಲ್ಲಿ ರೇಡಿಯೊದವರು ಓದಿದ್ದಾರೆ, ವಿಯೆಟ್ನಾಮಿನ ಆಸ್ಪತ್ರೆಯೊಂದು ಗೋಡೆಗೆ ಅಂಟಿಸಿ ಫೋಟೊ ಕಳಿಸಿದೆ. ಮೆಲಿಂಗ್ ಅದನ್ನು ಬೆಂಚಿನವರಿಗೆಲ್ಲ ತೋರಿಸುತ್ತಾರೆ. "ಒಂದಕ್ಷರ ಓದಕ್ಕೆ ಬರಲ್ಲ ನನಗೆ. ಆದ್ರೆ ಆ ಚಿತ್ರ ನೋಡಿ, ನಾನು ಬರೆದ ಎಳನೀರಿನ ಬುರುಡೇನೇ!"

ಒಳಗಿನಿಂದ ನರ್ಸು ಹೆಸರು ಕರೆಯತೊಡಗಿದ್ದಾಳೆ. ಬೆಂಚು ಖಾಲಿಯಾಗುತ್ತಿದೆ. ಅವತ್ತು ಉಲ್ಪಿಂಗ್ ತಂದ ಗೊನೆ ಏನಾಯಿತು ಎಂದು ಕೇಳಿದರೆ ಮೆಲಿಂಗ್ ಹಾಳೆ ಮಡಿಸುತ್ತ ನಗುತ್ತಾರೆ.

"ಒಂದು ಕುಡಿದೆ. ಇಷ್ಟು ವರ್ಷ ಆದ್ಮೇಲೆ. ಸಿಹಿಯಾಗಿತ್ತು."

ಇನ್ನೊಂದು ಆಸೆ ಉಳಿದಿದೆ. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಎಲ್ಲರೂ ಸಮಾಧಿಗೆ ಅನ್ನ, ಮೇಣದಬತ್ತಿ ಒಯ್ಯುತ್ತಾರೆ. "ಈ ಸಲ ರಾಮಿಲ್‌ಗೆ ಎಳನೀರು ಒಯ್ತೀನಿ. ಅವನಿಗೆ ಪ್ರಾಣ ಅದು. ಪಕ್ಕದಲ್ಲಿ ಕೂತು ಆ ಪುಟ ಪೂರ್ತಿ ಓದಿ ಹೇಳ್ತೀನಿ. ಅವನಿಗೆ ಅರ್ಥ ಆಗ್ಲಿಲ್ಲ ಅಂದ್ರೆ, ವಾಪಸ್ ಬಂದು ಇನ್ನೊಂದ್ಸಲ ಬರೆಸ್ತೀನಿ."