ಒಂದೇ ಕಾಲುವೆಯವರು

ಅರಕೆರೆಯ ಕೆಳಬಯಲಿಗೆ ಮೂವತ್ತು ವರ್ಷ ನೀರು ಹಾಯಿಸಿದವನು ನೀರುಗಂಟಿ ಜವರಯ್ಯ. ಯಾರ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ಎಂಬುದೆಲ್ಲ ಅವನ ಬಾಯಲ್ಲೇ ಇತ್ತು. ಗದ್ದೆಗೆ ನೀರಿಳಿಯುವ ಬಾಯಿಯನ್ನು ಕೆಸರಿನಿಂದ ಮುಚ್ಚಿ ಮೇಲೊಂದು ಲಕ್ಕಿ ಗಿಡದ ಕಡ್ಡಿ ನೆಟ್ಟನೆಂದರೆ ಮರುಸರದಿಯವರೆಗೆ ಗದ್ದೆಯ ಒಡೆಯನೂ ಅದನ್ನು ಮುಟ್ಟುತ್ತಿರಲಿಲ್ಲ.

ತೊಂಬತ್ತಾರರ ಬೇಸಿಗೆಯಲ್ಲಿ ಕಾಲುವೆ ಮೊಣಕಾಲಿಗಿಳಿಯಿತು. ಕೊನೆಯ ಗದ್ದೆ ತಮ್ಮಯ್ಯನದು. ಅವನ ಸರದಿಯ ಮಧ್ಯಾಹ್ನ, ಮೇಲಿನ ಗದ್ದೆಯ ಹೊನ್ನಪ್ಪ ಕಡ್ಡಿ ಕಿತ್ತೆಸೆದು, ಗುದ್ದಲಿಯಿಂದ ಕೆಸರೊಡೆದು ನೀರನ್ನು ತನ್ನ ಕಡೆ ತಿರುಗಿಸಿಕೊಂಡ.

"ಮುಚ್ಚಣ್ಣ, ನಿನ್ ಸರ್ದಿ ಶುಕ್ರವಾರ," ಎಂದ ಜವರಯ್ಯ.

"ಅತ್ಲಾಗೋಗ್ಲಾ ಜವರ. ನೀರೇನು ನಿಮ್ಮಪ್ಪ ತಂದವ್ನಾ?"

"ನಿಮ್ಮಪ್ಪನೂ ತಂದಿಲ್ಲ ಕಣಣ್ಣ."

ಜವರಯ್ಯ ಒಡೆದ ಬಾಯಲ್ಲೇ ಕುಳಿತುಬಿಟ್ಟ. ಹೊನ್ನಪ್ಪ ಎದೆಗೆ ಒದ್ದ. ಆತ ಏಳಲಿಲ್ಲ. ಅಷ್ಟರಲ್ಲಿ ತಮ್ಮಯ್ಯ ಓಡಿಬಂದು ದೊಣ್ಣೆಯಿಂದ ಹೊನ್ನಪ್ಪನ ಕೆನ್ನೆ ಸೀಳಿದ. ಹೊನ್ನಪ್ಪ ಬೀಸಿದ ಗುದ್ದಲಿ ಇಳಿದದ್ದು ಜವರಯ್ಯನ ಬಲಗೈ ಮೇಲೆ. ಎರಡು ಬೆರಳು ಕೆಸರಿನಲ್ಲಿ ಉಳಿದವು. ನೀರು ಕೆಂಪಾಗಿ ಭತ್ತದ ಬುಡಕ್ಕೆ ಹರಿಯಿತು. ಜನ ಇಬ್ಬರನ್ನು ಬಿಡಿಸುತ್ತಿದ್ದರೆ, ಜವರಯ್ಯ ಎಡಗೈಯಿಂದ ಕೆಸರೊತ್ತಿ ಬಾಯಿ ಮುಚ್ಚಿದ.

ಅವನ ಮಗಳು ಮಾದೇವಿ ಶ್ರೀರಂಗಪಟ್ಟಣದ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಆ ವಾರವೇ ಇಂಗ್ಲಿಷ್ ಮೇಷ್ಟ್ರು 'ರೈವಲ್' ಪದದ ಬೇರು ತಿಳಿಸಿದರು. ಲ್ಯಾಟಿನ್ನಿನಲ್ಲಿ 'ರಿವುಸ್' ಎಂದರೆ ತೊರೆ, ಒಂದೇ ತೊರೆಯ ನೀರು ಬಳಸುವವರು 'ರಿವಾಲೆಸ್'. ಎದುರಾಳಿ ಎಂಬ ಅರ್ಥ ಬೆಳೆದದ್ದು ಅಲ್ಲಿಂದ.

ಮಾದೇವಿ ಎದ್ದು ನಿಂತಳು. "ಅವ್ರಿಗೆ ನೀರು ಬುಡೋನ್ಗೆ ಏನಂತಿದ್ರು ಸಾ?"

"ಗೊತ್ತಿಲ್ಲಮ್ಮ," ಎಂದರು ಮೇಷ್ಟ್ರು.

ಆಸ್ಪತ್ರೆಗೆ ಪೊಲೀಸರು ಬಂದಾಗ ಜವರಯ್ಯ ಯಾರ ಹೆಸರನ್ನೂ ಹೇಳಿರಲಿಲ್ಲ. ಆತ ಮನೆಗೆ ಮರಳಿದ ಮೇಲೆ ತಮ್ಮಯ್ಯ ಅಲ್ಲಿಗೇ ಬಂದು ಕುಳಿತ. "ಎಸ್ರೇಳ್ಲಾ, ಒಳಗಾಕ್ಸಣ. ಅವ್ನ ಗದ್ದೆ ಒಣಗೋಗ್ಲಿ."

"ಒಣಗ್ಬಾರ್ದು ಅಂತ್ಲೇಯ, ಶುಕ್ರವಾರ ಕಳೀಲಿ."

ಮಾದೇವಿಗೆ ಸಿಟ್ಟು ಬಂತು. "ಬೆರಳು ನಿಂದಲ್ವಾ ಅಪ್ಪ?"

"ನಂದೇಯ. ಸರ್ದಿ ಅವ್ನುದು."

ಶುಕ್ರವಾರ ಆತ ಬ್ಯಾಂಡೇಜಿನ ಕೈಯನ್ನು ಮೇಲೆತ್ತಿ ಹಿಡಿದುಕೊಂಡೇ ಹೊನ್ನಪ್ಪನ ಗದ್ದೆಗೆ ನೀರು ಬಿಟ್ಟ. ಹೊನ್ನಪ್ಪ ಬದುವಿನ ಮೇಲೆ ಕೂತಿದ್ದ. ನೀರು ಗದ್ದೆಯ ಮೂಲೆ ಮುಟ್ಟಿದ ಮೇಲೆ ಜವರಯ್ಯ ಕಾಲು ತೊಳೆದುಕೊಂಡು, ಮಗಳೊಂದಿಗೆ ನೇರ ಪೊಲೀಸ್ ಠಾಣೆಗೆ ನಡೆದ.

"ಗುದ್ಲಿ ವೊನ್ನಪ್ಪಂದು," ಎಂದ. ಬರೆಯುತ್ತಿದ್ದವರು ತಲೆಯೆತ್ತಿದರು. "ಅದ್ಕೂ ಮೊದ್ಲು ದೊಣ್ಣೆ ಬೀಸಿದ್ದು ತಮ್ಮಯ್ಯ. ಅದ್ನೂ ಬರ್ಕಳಿ ಸಾಮಿ."