ಎಲಿವೇಶನ್ ಗಂಡಸರ ವಿಷಯ

ನಮ್ಮ ಮನೆಯ ಮುಂದಿನ ಗೋಡೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮದುವೆಯಾಗಿ ಜಾಲಹಳ್ಳಿಯ ಈ ಮನೆಗೆ ಬಂದ ಹೊಸದರಲ್ಲಿ, ಬಾಗಿಲ ಪಕ್ಕ ಚಪ್ಪಲಿ ಬಿಡುವಾಗ ಆಯ ತಪ್ಪಿ ಗೋಡೆಗೆ ಕೈ ಊರಿದೆ. ಅಂಗೈ ತರಚಿ ರಕ್ತ ಬಂತು. ಅತ್ತೆ ಅರಿಶಿನ ಒತ್ತುತ್ತಾ, ಅದು ರಫ್ ಪ್ಲಾಸ್ಟರ್ ಕಣಮ್ಮ, ಅದನ್ನು ನೋಡಬೇಕು, ಮುಟ್ಟಬಾರದು ಎಂದರು. ಮುಟ್ಟಬಾರದ ಗೋಡೆಯನ್ನು ಯಾವ ಪುಣ್ಯಾತ್ಮ ಚಪ್ಪಲಿ ಬಿಡುವ ಜಾಗದಲ್ಲಿ ಕಟ್ಟಿಸುತ್ತಾನೆ ಎಂದು ಕೇಳಬೇಕೆನಿಸಿತು. ಹೊಸ ಸೊಸೆ, ಚಪ್ಪಲಿ ಜೋಡಿಸಿಟ್ಟು ಒಳಗೆ ಹೋದೆ.

ಕಟ್ಟಿಸಿದವರು ಮಾವನವರು. ಇಲ್ಲೇ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆಗ ಸಣ್ಣ ಜಲ್ಲಿಯನ್ನು ಸಿಮೆಂಟಿನಲ್ಲಿ ಕಲಸಿ, ಕರಣೆಯಿಂದ ಗೋಡೆಗೆ ರಪರಪ ಎರಚಿ, ಬಿದ್ದದ್ದನ್ನು ಬಿದ್ದ ಹಾಗೇ ಒಣಗಲು ಬಿಡುವುದೇ ಫ್ಯಾಷನ್ನು. ಆಫೀಸರುಗಳ ಮನೆಗೆ ಹಾಗೆ ಮಾಡಿಸಿದ್ದರಂತೆ, ಅದನ್ನು ನೋಡಿ ನಮ್ಮ ಬೀದಿಯಲ್ಲಿ ಸೈಟು ಕೊಂಡವರೆಲ್ಲ ಹಾಗೇ ಎರಚಿಸಿಕೊಂಡರು. ಮಾವನವರನ್ನು ನಾನು ದೂರುವುದಿಲ್ಲ. ಅವರ ಕಾಲಕ್ಕೆ ಅದು ಚೆಂದವೇ. ಆದರೆ ಅದನ್ನು ಒಂದು ದಿನವೂ ಅವರು ತೊಳೆಯಲಿಲ್ಲ.

ತೊಳೆದವಳು ನಾನು. ಪೀಣ್ಯ ನಮಗೆ ಕೂಗಳತೆಯಲ್ಲಿದೆ. ಅಲ್ಲಿನ ಹೊಗೆ, ಲಾರಿಗಳು ಎಬ್ಬಿಸುವ ಧೂಳು, ಎಲ್ಲ ಬಂದು ಆ ಗೋಡೆಯ ಒಂದೊಂದು ಜಲ್ಲಿಯ ಸಂದಿನಲ್ಲೂ ಮನೆ ಮಾಡಿಕೊಳ್ಳುತ್ತಿತ್ತು. ಯುಗಾದಿ ಬಂತೆಂದರೆ ತೊಳಿ, ದೀಪಾವಳಿ ಬಂತೆಂದರೆ ತೊಳಿ. ನಾರಿನ ಬ್ರಷ್ಷು ಹಿಡಿದು ಉಜ್ಜಿದರೆ ಗೋಡೆ ಬೆಳ್ಳಗಾಗುವ ಮೊದಲು ನನ್ನ ಬೆರಳ ಗಿಣ್ಣುಗಳು ಕೆಂಪಗಾಗುತ್ತಿದ್ದವು. ಒಣಹಾಕಿದ ಬಟ್ಟೆ ಗಾಳಿಗೆ ಹಾರಿ ಗೋಡೆಗೆ ತಾಗಿದರೆ ಮುಗಿಯಿತು, ಎಳೆ ಕಿತ್ತುಬರುತ್ತಿತ್ತು. ನನ್ನ ತವರಿನವರು ಕೊಟ್ಟ ಒಂದೇ ಒಂದು ಒಳ್ಳೆಯ ರೇಷ್ಮೆ ಸೀರೆ ಹಾಗೇ ಹಾಳಾಯಿತು.

ನನ್ನ ಕೆಲಸ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ, ಚೆಕಿಂಗ್ ವಿಭಾಗದಲ್ಲಿ. ದಿನವಿಡೀ ಕಾಲರು, ತೋಳು, ಹೊಲಿಗೆ ಎಂದು ಕೈಯಾಡಿಸುವುದು. ಒಂದು ಎಳೆ ಎದ್ದಿದ್ದರೂ ಬೆರಳಿಗೆ ತಿಳಿಯುತ್ತಿತ್ತು, ಶರ್ಟನ್ನು ವಾಪಸ್ ಎಸೆಯುತ್ತಿದ್ದೆ. ಅಂಥ ಕೈ ಸಂಜೆ ಮನೆಗೆ ಬಂದರೆ ಎದುರಿಗೆ ಈ ಗೋಡೆ. ಫ್ಯಾಕ್ಟರಿಯಲ್ಲಾಗಿದ್ದರೆ ಇಡೀ ಮನೆಯನ್ನೇ ವಾಪಸ್ ಕಳಿಸುತ್ತಿದ್ದೆ.

ಯಜಮಾನರಿಗೆ ಹೇಳುತ್ತಲೇ ಇದ್ದೆ. ತೊಳೆಯುವಾಗ ಹೇಳಿದೆ, ಊಟಕ್ಕೆ ಬಡಿಸುವಾಗ ಹೇಳಿದೆ, ಸೀರೆಯ ಕಿತ್ತ ಎಳೆಯನ್ನು ಮುಖದ ಮುಂದೆ ಹಿಡಿದು ಹೇಳಿದೆ. ರೀ, ಇದನ್ನೊಂದು ಸಲ ನುಣ್ಣಗೆ ಮಾಡಿಸಿಬಿಡಿ, ನನಗೆ ಬೇರೇನೂ ಬೇಡ. ನೋಡೋಣ ಎನ್ನುತ್ತಿದ್ದರು. ಅವರ ನೋಡೋಣ ಎಂಬುದಕ್ಕೆ ಕೇಳಿಸಿತು ಎಂದು ಅರ್ಥ ಮಾಡಿಕೊಂಡದ್ದು ನನ್ನ ಪೆದ್ದುತನ.

ನಾನು ಕೆಲಸ ಬಿಟ್ಟು ಕೈಗೆ ಪಿಎಫ್ ಬಂದ ಮೇಲೆ ಮನೆಯನ್ನು ರಿನೋವೇಷನ್ ಮಾಡಿಸುವ ಮಾತು ಬಂತು. ಗುತ್ತಿಗೆದಾರ ಬಂದ. ಒಳ್ಳೆಯ ಮಾತಿನ ಮನುಷ್ಯ. ಅಡುಗೆಮನೆಗೆ ಯಾವ ಟೈಲ್ಸು, ಸಿಂಕು ಎಲ್ಲಿ, ಕಟ್ಟೆ ಎಷ್ಟು ಎತ್ತರ, ಎಲ್ಲವನ್ನೂ ಮೇಡಂ ಮೇಡಂ ಎಂದು ನನ್ನನ್ನೇ ಕೇಳಿದ. ಯಾವುದಾದರೂ ಹಾಕಪ್ಪ, ಮುಂದಿನ ಗೋಡೆಯ ಮಾತು ತೆಗಿ ಎಂದೆ. ತಕ್ಷಣ ಅವನ ಮುಖ ಯಜಮಾನರ ಕಡೆ ತಿರುಗಿತು. ಎಲಿವೇಶನ್ ವಿಷಯ ಸಾರ್ ಹತ್ತಿರ ಮಾತಾಡ್ತೀನಿ ಎಂದ. ಮನೆಯ ಒಳಗಿನದು ಹೆಂಗಸರದು, ಬೀದಿಗೆ ಕಾಣುವುದು ಗಂಡಸರದು. ಯಾರೂ ಬರೆದಿಟ್ಟಿಲ್ಲ, ಆದರೂ ಎಲ್ಲ ಗುತ್ತಿಗೆದಾರರಿಗೂ ಗೊತ್ತು.

ಎಲಿವೇಶನ್ ತೀರ್ಮಾನಕ್ಕೆ ಬ್ರೂಕ್‌ಫೀಲ್ಡ್‌ನಿಂದ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಕಾರು ಓಡಿಸಿಕೊಂಡು ಬಂದರು. ಅವರು ಅಪಾರ್ಟ್‌ಮೆಂಟಿನಲ್ಲಿರುವುದು. ಅಲ್ಲಿ ಹೊರಗಿನ ಗೋಡೆಗೆ ಮೊಳೆ ಹೊಡೆಯಲೂ ಇವರಿಗೆ ಹಕ್ಕಿಲ್ಲ. ಆ ಆಸೆಯನ್ನೆಲ್ಲ ನಮ್ಮ ಗೋಡೆಯ ಮೇಲೆ ತೀರಿಸಿಕೊಳ್ಳಲು ಬಂದ ಹಾಗಿತ್ತು. ಮೂವರೂ ಒಂದು ಫೋನಿನ ಮೇಲೆ ಬಗ್ಗಿದರು. ನಾನು ಕಾಫಿ ತರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಬಗ್ಗಿ ನೋಡಿದೆ. ಒಡೆದ ಕಲ್ಲಿನ ಚೂರುಗಳನ್ನು ಒಂದರ ಮೇಲೊಂದು ಅಡ್ಡಾದಿಡ್ಡಿ ಪೇರಿಸಿದಂತೆ ಕಾಣುವ ಟೈಲ್ಸು. ಒಂದು ಒಳಗೆ, ಒಂದು ಹೊರಗೆ, ನಡುವೆ ಸಾವಿರ ಸಂದು.

ನನಗೆ ತಲೆಗೆ ರಕ್ತ ಏರಿತು. ಇದು ಹಳೆಯದಕ್ಕಿಂತ ಕಡೆ, ಧೂಳು ಕೂರಲು ಮೆಟ್ಟಿಲು ಕಟ್ಟಿಕೊಟ್ಟ ಹಾಗಿದೆ ಎಂದೆ. ಮೂವರೂ ನಕ್ಕರು. ಬರೀ ಗೋಡೆ ಬಿಟ್ಟರೆ ರೇಷನ್ ಅಂಗಡಿ ಥರ ಕಾಣುತ್ತೆ ಎಂದು ಗುತ್ತಿಗೆದಾರ ವಿವರಿಸಿದ. ಅಪ್ಪನ ಗೋಡೆಯೂ ಹೀಗೇ ಒರಟು, ಅದೇ ಕಳೆ ಉಳಿಯುತ್ತೆ ಎಂದು ಭಾವ ಕಣ್ಣು ತುಂಬಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕಾಫಿ ಲೋಟ ತೆಗೆದುಕೊಂಡು ಒಳಗೆ ಬಂದು ಸಿಂಕಿನಲ್ಲಿ ದಡದಡ ತೊಳೆದೆ. ಒಂದು ಒಡೆಯಿತು. ಬೇಜಾರಾಗಲಿಲ್ಲ.

ಹಳೆಯ ಗಾರೆಯನ್ನು ಕೆತ್ತಿ ತೆಗೆಯುವಾಗ ಮನೆಯೊಳಗೆ ಅನ್ನದ ತಪ್ಪಲೆಯವರೆಗೂ ಪುಡಿ. ಸಹಿಸಿಕೊಂಡೆ. ಹೊಸ ಗಾರೆ ಬಳಿಯುವ ದಿನ ಬಂತು. ಕೆಲಸಕ್ಕೆ ಬಂದಿದ್ದವನು ರಾಯಚೂರು ಕಡೆಯ ಮೇಸ್ತ್ರಿ, ಇಲ್ಲೇ ಬಾಡಿಗೆ ರೂಮಿನಲ್ಲಿದ್ದವನು. ಯಜಮಾನರು ಮತ್ತು ಭಾವ ಟೈಲ್ಸ್ ತರಲು ಹೋಗಿದ್ದರು. ಊಟ ಮುಗಿಸಿ ಹೊರಗೆ ಬಂದು ನೋಡುತ್ತೇನೆ, ಗೋಡೆ ಪೂರ್ತಿ ಬಳಿದಾಗಿದೆ. ಹಸಿ ಗಾರೆ, ಹದವಾಗಿ, ಒಂದೇ ಸಮ. ಇಷ್ಟು ವರ್ಷ ನಾನು ಕೇಳಿದ್ದು ಇದನ್ನೇ. ಆದರೆ ಮೇಸ್ತ್ರಿ ಸಾರುವೆಯ ಮೇಲೆ ನಿಂತು ಕರಣೆಯ ಮೂತಿಯಿಂದ ಪರಪರ ಗೀರುತ್ತಿದ್ದ. ಮೇಲಿನ ಅರ್ಧ ಗೀರಿ ಆಗಿತ್ತು. ಹೀಗೆ ಗಾಯ ಮಾಡಿದರೇನೇ ಟೈಲ್ಸು ಕಚ್ಚಿಕೊಳ್ಳುವುದಂತೆ.

ನಿಲ್ಲಿಸು ಎಂದೆ. ಹಲಗೆಯಿಂದ ಉಜ್ಜಿ ನಯ ಮಾಡು ಎಂದೆ. ಅವನು ಕೆಳಗಿಳಿದು ಬಂದು ತಬ್ಬಿಬ್ಬಾಗಿ ನಿಂತ.

"ನಾ ಯಾರ ಮಾತು ಕೇಳ್ಬೇಕ್ರಿ ಅಕ್ಕಾರ? ಸಾಹೇಬ್ರು ಗೀರು ಅಂದಾರ, ನೀವು ಬ್ಯಾಡ ಅಂತೀರಿ."

ಅವನು ಗುತ್ತಿಗೆದಾರನಿಗೆ ಫೋನು ಮಾಡಿದ. ಗುತ್ತಿಗೆದಾರ ಯಜಮಾನರಿಗೆ ಮಾಡುತ್ತೇನೆ ಎಂದ. ಯಜಮಾನರು ಅಂಗಡಿಯ ಗಲಾಟೆಯಲ್ಲಿ ಎತ್ತಲಿಲ್ಲ. ಭಾವನವರು ಎತ್ತಿ, ಬಂದು ಮಾತಾಡೋಣ, ಅಲ್ಲಿವರೆಗೆ ಕೆಲಸ ನಡೀಲಿ ಅಂದರಂತೆ. ಇಷ್ಟು ಗಂಡಸರ ಒಪ್ಪಿಗೆಗೆ ಗಾರೆ ಕಾಯುತ್ತದೆಯೇ? ಬಿಸಿಲಿಗೆ ಬಿಗಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಯಾರಪ್ಪ ಬಂದರೂ ನಯವಾಗುವುದಿಲ್ಲ. ಮೇಸ್ತ್ರಿ ಮತ್ತೆ ಕರಣೆ ಎತ್ತಿದ.

ನಾನು ಹೋಗಿ ಹಸಿ ಗಾರೆಗೆ ತಾಗದ ಹಾಗೆ ಗೋಡೆಗೆ ಬೆನ್ನು ಮಾಡಿ ಅಡ್ಡ ನಿಂತೆ. ಗೀರುವುದಾದರೆ ನನ್ನನ್ನು ಗೀರಿ ಆಮೇಲೆ ಗೋಡೆ ಗೀರು ಎಂದೆ. ಎದುರು ಮನೆಯವರು ಗೇಟಿಗೆ ಬಂದರು. ಬರಲಿ. ಮರ್ಯಾದೆಗೆ ಹೆದರಿ ಹೆದರಿಯೇ ಇಲ್ಲಿಗೆ ಬಂದಿತ್ತು.

ಮೇಸ್ತ್ರಿ ನನ್ನನ್ನೂ ಬಿಸಿಲನ್ನೂ ಒಮ್ಮೆ ನೋಡಿದ. "ಮ್ಯಾಗಿಂದು ಆಗ್ಲೇ ಬಿರುಸಾಗೈತ್ರಿ, ಅದು ಬರಂಗಿಲ್ಲ. ಕೆಳಗಿಂದು ಮಾಡ್ತೀನ್ರಿ. ಬೈದ್ರ ನೀವ ಹೇಳ್ಬೇಕ್ ನೋಡ್ರಿ." ನೀರು ಚಿಮುಕಿಸಿ ಹಲಗೆಯಿಂದ ಉಜ್ಜತೊಡಗಿದ. ನಾನು ಪಕ್ಕದಲ್ಲೇ ನಿಂತು ಒಂದೊಂದು ಗೇಣನ್ನೂ ಚೆಕ್ ಮಾಡಿದೆ.

ಟೈಲ್ಸ್ ಹೇರಿಕೊಂಡು ಅವರ ಟೆಂಪೋ ಬರುವ ಹೊತ್ತಿಗೆ ಕೆಳಗಿನ ಅರ್ಧ ಮುಗಿದಿತ್ತು. ಭಾವನವರ ಮುಖ ಕಪ್ಪಿಟ್ಟಿತು. ಅಪ್ಪನ ಮನೆಯನ್ನು ಹೀಗೆ ಹಾಳು ಮಾಡಲು ನೀನು ಯಾರಮ್ಮ ಎಂದು ಬೀದಿಯಲ್ಲೇ ಕೇಳಿದರು. ಅಲ್ಲಿಯವರೆಗೆ ಒಮ್ಮೆಯೂ ಅವರಿಗೆ ಎದುರು ಮಾತಾಡಿದವಳಲ್ಲ.

"ಭಾವ, ಇದನ್ನ ತೊಳೆಯೋಳು ನಾನು. ನೀವು ಬಂದು ತೊಳೀತೀರಾದ್ರೆ ಈಗ್ಲೇ ಗೀರಿಸ್ತೀನಿ, ಪೂರ್ತಿ ಹಾಕಿಸಿ."

ಅವರು ಕಾರಿನ ಕೀ ತೆಗೆದುಕೊಂಡು ಹೊರಟುಹೋದರು. ಈಗಲೂ ನಮ್ಮನೆಗೆ ಬಂದರೆ ನನ್ನ ಜೊತೆ ಮಾತಿಲ್ಲ. ಟೈಲ್ಸು ತಂದಾಗಿತ್ತಲ್ಲ, ಮೇಲಿನ ಅರ್ಧಕ್ಕೆ ಹಾಕಿದರು. ಕೆಳಗಿನ ಅರ್ಧ ನುಣ್ಣಗೆ ಉಳಿಯಿತು. ಬೀದಿಯಲ್ಲಿ ಹೋಗುವವರು ದುಡ್ಡು ಸಾಲದೆ ನಿಲ್ಲಿಸಿದರೇನೋ ಎಂದು ನೋಡುತ್ತಾರೆ. ನೋಡಿಕೊಳ್ಳಲಿ.

ನಾನು ಹೇಳಬೇಕಾದದ್ದು ಅವತ್ತಿನ ಸಂಜೆಯದು. ಕೆಲಸದವರು ಹೋಗಿದ್ದರು. ಯಜಮಾನರು ಮೆಟ್ಟಿಲ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದ್ದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವರು ಬೈಯಲಿಲ್ಲ. ತೀರಾ ಮೆತ್ತಗೆ ಕೇಳಿದರು.

"ಗೋಡೆ ನುಣ್ಣಗಿರ್ಬೇಕು ಅಂತ ನೀನು ಮೊದ್ಲೇ ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ ಕಣೇ. ನಾನೇನು ಬೇಡ ಅಂತಿದ್ನಾ?"

ತಮಾಷೆ ಮಾಡುತ್ತಿದ್ದಾರೇನೋ ಎಂದು ಮುಖ ನೋಡಿದೆ. ಇಲ್ಲ. ಜಾರಿಕೊಳ್ಳುವ ಸುಳ್ಳೂ ಅಲ್ಲ. ಸುಳ್ಳಾಗಿದ್ದರೆ ಅಲ್ಲೇ ಜಗಳವಾಡಿ ಮುಗಿಸುತ್ತಿದ್ದೆ. ಅವರು ನಿಜವಾಗಿಯೂ ಕೇಳಿಸಿಕೊಂಡಿರಲಿಲ್ಲ. ಮಧ್ಯಾಹ್ನದಿಂದ ಇದ್ದ ಸಿಟ್ಟು ಏನೂ ಅಲ್ಲ ಎನ್ನುವಂಥ ಸಿಟ್ಟು ಆಗ ಬಂತು, ಇವತ್ತಿಗೂ ಇಳಿದಿಲ್ಲ.

ಗೋಡೆ ವಿಷಯ ಹೋಗಲಿ, ಮದುವೆಯಾದಾಗಿನಿಂದ ನಾನು ನಿಮ್ಮ ಹತ್ತಿರ ಇನ್ನೇನೇನು ಕೇಳಿದ್ದೆ, ಒಂದನ್ನು ಹೇಳಿ ಎಂದೆ.

ಅವರು ಪ್ರಾಮಾಣಿಕವಾಗಿ ಯೋಚಿಸಿದರು. ಹಣೆ ಉಜ್ಜಿಕೊಂಡು, ಕತ್ತಲಾಗುವವರೆಗೂ ಯೋಚಿಸಿದರು. ಒಂದೂ ನೆನಪಾಗಲಿಲ್ಲ.