ಬೀಗ ಹಾಕಿದ ಕೋಣೆಯ ಟರ್ಬೈನು

ದೆವ್ವ, ಮಾಟ ಎಂದವರನ್ನು ಗೇಲಿ ಮಾಡದೆ ಬಿಟ್ಟವನಲ್ಲ ನಾನು. ಕಲ್ಲಿದ್ದಲು ಉರಿಯುತ್ತದೆ, ನೀರು ಹಬೆಯಾಗುತ್ತದೆ, ಹಬೆ ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸಿದರೆ ಕರೆಂಟು. ಇದರಲ್ಲಿ ಯಾರ ಕೈವಾಡವೂ ಇಲ್ಲವೆಂದು ಎದೆ ತಟ್ಟಿ ಹೇಳುತ್ತಿದ್ದೆ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಮಾತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಎಂಜಿನಿಯರ್. ಮಳೆ ಕೈಕೊಟ್ಟು ಜಲಾಶಯಗಳು ಬರಿದಾಗಿ, ಎಲ್ಲ ಕಡೆ ಪವರ್ ಕಟ್. ಅಕ್ಕಪಕ್ಕದ ಶೆಡ್ಡುಗಳಲ್ಲಿ ಕೆಲಸಗಾರರನ್ನು ಗೇಟಿನಿಂದಲೇ ವಾಪಸ್ಸು ಕಳಿಸುತ್ತಿದ್ದರು. ನಮ್ಮಲ್ಲಿ ಸ್ವಂತದ ಬಾಯ್ಲರ್, ಹಳೆಯ ಚಿಕ್ಕ ಟರ್ಬೈನು ಇದ್ದುದರಿಂದ ಮೆಷಿನ್ನುಗಳು ಓಡುತ್ತಿದ್ದವು. ಅದು ಕೆಟ್ಟರೆ ನಮ್ಮ ಗೇಟೂ ಮುಚ್ಚಿದಂತೆಯೇ.

ಅದನ್ನು ನಡೆಸುತ್ತಿದ್ದವರು ನಾನು ಮತ್ತು ಆಪರೇಟರ್ ತಿಮ್ಮರಾಯಪ್ಪ. ಚಿಕ್ಕಬಾಣಾವರದ ಒಕ್ಕಲು ಮನೆತನದವರು, ನನಗಿಂತ ಹಿರಿಯರು, ಮಹಾ ಮುಂಗೋಪಿ.

ಇಂಥ ಟರ್ಬೈನನ್ನು ನಿಲ್ಲಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅದರೊಳಗೆ ತಿರುಗುವ ಉಕ್ಕಿನ ದಂಡ, ಅಂದರೆ ಶಾಫ್ಟ್, ಕಾದಿರುವಾಗ ಅಲ್ಲಾಡದೆ ನಿಂತರೆ ಕೆಳಭಾಗ ಬೇಗ ಆರಿ, ಮೇಲ್ಭಾಗ ಬಿಸಿಯಾಗೇ ಉಳಿದು, ಬಗ್ಗಿಬಿಡುತ್ತದೆ; ಆಮೇಲೆ ಟರ್ಬೈನು ಓಡುವುದಿಲ್ಲ. ಅದಕ್ಕೇ ತಣ್ಣಗಾಗುವವರೆಗೂ ಆಗಾಗ ಅರ್ಧ ಸುತ್ತು ತಿರುಗಿಸುತ್ತಿರಬೇಕು. ನಮ್ಮದರಲ್ಲಿ ಶಾಫ್ಟಿನ ತುದಿಯ ಚಕ್ರದ ತೂತಿಗೆ ಹಾರೆ ತೂರಿಸಿ ಕೈಯಲ್ಲೇ ಎಳೆಯುತ್ತಿದ್ದೆವು.

ಒಂದು ಶನಿವಾರ ಮಧ್ಯಾಹ್ನ, ಎಲ್ಲರೂ ಮನೆಗೆ ಹೋದ ಮೇಲೆ, ಟರ್ಬೈನು ನಿಲ್ಲಿಸಿದೆವು. ಶಾಫ್ಟಿನ ಮೇಲ್ಭಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿದವನು ನಾನೇ. ಹಾರೆ ಇನ್ನೂ ಗೋಡೆಗೆ ಒರಗಿತ್ತು. ಅಷ್ಟರಲ್ಲಿ ವಾಲ್ವಿನಿಂದ ಹಬೆ ಚಿಮ್ಮಿ ತಿಮ್ಮರಾಯಪ್ಪನವರ ಬಲಗೈ ಬೆಂದುಹೋಯಿತು.

“ನನ್ ಕೈ ಅಂಗಿರ್ಲಿ ಸಾ, ನೀವ್ ಶಾಫ್ಟ್ ತಿರುಗ್ಸಿ! ಬಗ್ಗೋಯ್ತದೆ!” ಎಂದು ಕೂಗಿಕೊಂಡರು.

“ಬಗ್ಗಿದ್ರೆ ಬಗ್ಗಲಿ, ನಡೀರಿ ಮೊದ್ಲು!” ಎಂದು ನಾನೂ ರೇಗಿದೆ. ಕೋಣೆಗೆ ಬೀಗ ಜಡಿದು, ಕೀಲಿ ಜೇಬಿಗಿಳಿಸಿ, ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ.

ಇಂಜೆಕ್ಷನ್ ಕೊಟ್ಟ ಮೇಲೆ ಅವರು ನಿದ್ದೆ ಹೋದರು. ನಿದ್ದೆಯಲ್ಲೇ ಆಗಾಗ ಅವರ ಎಡಗೈ ಮಂಚದ ಕಂಬಿ ಹಿಡಿದು ಜೋರಾಗಿ ಎಳೆಯುತ್ತಿತ್ತು. ನೋವಿಗೆ ಹಾಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಸಂಜೆ ಅವರ ಹೆಂಡತಿ ಬಂದ ಮೇಲೆ ಕಾರ್ಖಾನೆಗೆ ಹೊರಟೆ. ದಾಸರಹಳ್ಳಿಯ ಹತ್ತಿರ ಬರುವಾಗ, ಸೋಮವಾರ ಗೇಟಿನ ಮುಂದೆ ನಿಲ್ಲಬೇಕಾದವರ ಮುಖಗಳೇ ಕಣ್ಣೆದುರು. ನಿಜ ಹೇಳುತ್ತೇನೆ, ಹೆದರಿದ್ದೆ.

ಕೋಣೆಯ ಬೀಗ ನಾನು ಹಾಕಿದಂತೆಯೇ ಇತ್ತು. ಒಳಗೆ ಯಾರೂ ಇರಲಿಲ್ಲ. ಸೀಮೆಸುಣ್ಣದ ಗುರುತು ಮಾತ್ರ ಶಾಫ್ಟಿನ ಕೆಳಗಡೆ ಬಂದಿತ್ತು. ಹಾರೆ ಚಕ್ರದ ತೂತಿನಲ್ಲಿತ್ತು. ಬಾಗು ಅಳೆಯುವ ಡಯಲ್ ಗೇಜ್ ಇಟ್ಟು, ಶಾಫ್ಟ್ ತಿರುಗಿಸಿ ನೋಡಿದೆ. ಮುಳ್ಳು ಅಲುಗಲಿಲ್ಲ. ಶಾಫ್ಟ್ ಒಂದಿಷ್ಟೂ ಬಗ್ಗಿರಲಿಲ್ಲ. ಹಾರೆ ತೆಗೆದು ಮತ್ತೆ ಗೋಡೆಗೆ ಒರಗಿಸಿದೆ.

ಉಳಿದ ಹಬೆ ಸೋರಿ ಶಾಫ್ಟನ್ನು ತಿರುಗಿಸಿತೇ? ಇರಬಹುದು. ಆದರೆ ಹಬೆ ಹಾರೆ ಎತ್ತುವುದಿಲ್ಲವಲ್ಲ! ಇನ್ನೊಂದು ಕೀಲಿ ಇದ್ದದ್ದು ಮ್ಯಾನೇಜರ್ ಬಳಿ, ಅವರು ಅಂದು ಊರಲ್ಲೇ ಇರಲಿಲ್ಲ. ಯಾರೂ ಒಳಗೆ ಬಂದಿಲ್ಲವೆಂದು ಗೇಟಿನ ವಾಚ್‌ಮನ್ ಆಣೆ ಇಟ್ಟು ಹೇಳಿದ.

ಮರುದಿನ ಆಸ್ಪತ್ರೆಗೆ ಹೋದೆ. ಟರ್ಬೈನಿನ ವಿಷಯ ನಾನಿನ್ನೂ ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ. ನನ್ನನ್ನು ಕಂಡದ್ದೇ ತಿಮ್ಮರಾಯಪ್ಪನವರು ದಿಂಬಿನಿಂದ ತಲೆಯೆತ್ತಿದರು.

“ಹಾರೆ ತೂತಲ್ಲೇ ಬಿಟ್ ಬಂದಿವ್ನಿ ಸಾ. ಸ್ಟೀಮ್ ಬಿಡೋಕ್ ಮುಂಚೆ ನೆನಪಾಗಿ ತೆಗೀರಿ.”

“ತೆಗ್ದಿದೀನಿ,” ಎಂದೆ. ಅವರು ತಲೆಯಾಡಿಸಿ ಮತ್ತೆ ದಿಂಬಿಗೊರಗಿದರು.